ಒಂಬತ್ತು ವಿಶ್ವಕಪ್ ಗೆದ್ದ ಪೋಲೆಂಡ್ ಜೋಡಿ ಓಟದಲ್ಲಿ ಎಡವಿದ್ದೇಕೆ?

ಪ್ರಶ್ನೆ: ಮೋಟಾರ್‌ಸೈಕಲ್ ಸ್ಪೀಡ್‌ವೇ ವಿಶ್ವಕಪ್ಪನ್ನು ಪೋಲೆಂಡ್ ಒಂಬತ್ತು ಸಲ ಗೆದ್ದಿದೆ. ಆದರೆ 2018ರಲ್ಲಿ ಶುರುವಾದ ‘ಸ್ಪೀಡ್‌ವೇ ಆಫ್ ನೇಷನ್ಸ್’ ಎಂಬ ಜೋಡಿ ಓಟದ ಮೊದಲ ಐದು ಕೂಟಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ. ಸವಾರರು ಹೆಚ್ಚುಕಡಿಮೆ ಅವರೇ ತಾನೇ?

ಉತ್ತರ: ಸವಾರರು ಅವರೇ. ಬದಲಾಗಿದ್ದು ಎಷ್ಟು ಜನ ಓಡುತ್ತಾರೆ, ಯಾವ ಸ್ಥಾನಕ್ಕೆ ಎಷ್ಟು ಅಂಕ ಎನ್ನುವ ಲೆಕ್ಕ.

ಮೊದಲು ಆಟದ ಪರಿಚಯ. 500 ಸಿಸಿಯ ಒಂಟಿ ಸಿಲಿಂಡರ್ ಎಂಜಿನ್, ಇಂಧನ ಮೆಥನಾಲ್, ಒಂದೇ ಗೇರ್, ಬ್ರೇಕ್ ಇಲ್ಲವೇ ಇಲ್ಲ. ಒಂದು ಹೀಟ್‌ನಲ್ಲಿ, ಅಂದರೆ ಒಂದು ಬಿಡಿ ಓಟದಲ್ಲಿ, ನಾಲ್ವರು, ನಾಲ್ಕು ಸುತ್ತು; ಸುಮಾರು ಒಂದು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಅಂಕ ಸಾಮಾನ್ಯವಾಗಿ 3, 2, 1, 0.

ವಿಶ್ವಕಪ್ ಫೈನಲ್‌ನಲ್ಲಿ ನಾಲ್ಕು ದೇಶ. ಪ್ರತಿ ಹೀಟ್‌ಗೆ ದೇಶಕ್ಕೊಬ್ಬ ಸವಾರ. ಮೊದಲು ತಂಡಕ್ಕೆ ಐವರಿದ್ದರು, ಈಚೆಗೆ ನಾಲ್ವರು. 20 ಹೀಟ್, ಒಬ್ಬೊಬ್ಬನಿಗೆ ಐದು ಓಟ. ಇಲ್ಲಿ ತಾರೆಗಿಂತ ಮೂರನೆಯ, ನಾಲ್ಕನೆಯ ಸವಾರನೇ ಪಂದ್ಯ ತೀರ್ಮಾನಿಸುತ್ತಾನೆ. ಅಂಥವರಿಗೆ ಪೋಲೆಂಡ್‌ನಲ್ಲಿ ಬರವಿಲ್ಲ. ಅಲ್ಲಿನ ಅಗ್ರ ಲೀಗ್ ಎಕ್ಸ್‌ಟ್ರಾಲೀಗಾದಲ್ಲಿ ಪ್ರತಿ ತಂಡವೂ 21ರೊಳಗಿನ ಹುಡುಗರನ್ನು ಓಡಿಸಲೇಬೇಕು. 15 ಹೀಟ್‌ಗಳ ಪಂದ್ಯದಲ್ಲಿ ಎರಡನೆಯ ಹೀಟ್ ಅವರಿಗೇ ಮೀಸಲು.

ತವರಿನ ಟ್ರ್ಯಾಕ್ ಕೂಡ ಕೈಹಿಡಿದಿದೆ. ಒಂಬತ್ತರಲ್ಲಿ ಆರು ಗೆಲುವು ಮನೆಯಂಗಳದವು: ವ್ರೊತ್ಸ್ವಾಫ್ 2005 ಮತ್ತು 2023, ಲೆಶ್ನೊ 2007, 2009, 2017, ಗೊಝೂಫ್ 2011. ಹೊರಗೆ ಗೆದ್ದದ್ದು ವೊಯೆನ್ಸ್ (2010), ಪ್ರಾಗ್ (2013) ಮತ್ತು ಮ್ಯಾಂಚೆಸ್ಟರ್‌ನಲ್ಲಿ (2016). ಹಾಗೆಂದು ಇವೆಲ್ಲ ಸಲೀಸಾಗಿ ಬಂದವಲ್ಲ. ಪ್ರಾಗ್‌ನಲ್ಲಿ ಡೆನ್ಮಾರ್ಕ್ ಎದುರು 41–40. ಮರುವರ್ಷ ಬಿದ್ಗೊಶ್ಚ್‌ನಲ್ಲಿ, ತಮ್ಮದೇ ಜನರ ಮುಂದೆ, ಅದೇ ಡೆನ್ಮಾರ್ಕ್‌ಗೆ 37–38ರಿಂದ ಸೋತರು.

ಈಗ ಜೋಡಿ ಓಟಕ್ಕೆ ಬನ್ನಿ. ಇಲ್ಲಿ ಒಂದು ಹೀಟ್‌ಗೆ ಎರಡೇ ದೇಶ, ದೇಶಕ್ಕೆ ಇಬ್ಬರು. ಬೆಂಚಿನಲ್ಲಿ ಎಷ್ಟೇ ಒಳ್ಳೆಯ ಸವಾರರಿದ್ದರೂ ಉಪಯೋಗವಿಲ್ಲ. ರಷ್ಯಾಗೆ ಆರ್ಟೆಮ್ ಲಗುಟಾ ಮತ್ತು ಎಮಿಲ್ ಸೈಫುದಿನೋವ್ ಸಾಕಾದರು. 2018ರಿಂದ 2020ರವರೆಗೆ ಮೂರೂ ಸಲ ಗೆದ್ದರು, ಅದರಲ್ಲಿ ಎರಡು ಪೋಲೆಂಡ್‌ನ ನೆಲದಲ್ಲೇ.

‘ಪೋಲೆಂಡಿನವರಿಗೆ ಜೋಡಿಯಾಗಿ ಓಡುವ ಅಭ್ಯಾಸವಿಲ್ಲ’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದು ಒಪ್ಪುವ ಮಾತಲ್ಲ. ಅವರ ಲೀಗ್‌ನ ಪ್ರತಿ ಹೀಟ್ ಕೂಡ ಇಬ್ಬರಿಗೆ ಇಬ್ಬರ ಓಟವೇ. 1971ರಲ್ಲಿ ರಿಬ್ನಿಕ್‌ನಲ್ಲಿ ಯೆಜಿ ಶ್ಚಾಕಿಯೆಲ್ ಮತ್ತು ಆಂಜೆಯ್ ವಿಗ್ಲೆಂದಾ ಜೋಡಿ ವಿಶ್ವ ಪ್ರಶಸ್ತಿಯನ್ನು 30ಕ್ಕೆ 30 ಅಂಕ ಪಡೆದು ಗೆದ್ದಿದ್ದರು: ಆರು ಹೀಟ್, ಆರರಲ್ಲೂ ಮೊದಲೆರಡು ಸ್ಥಾನ.

ಪೆಟ್ಟು ಕೊಟ್ಟದ್ದು ಅಂಕದ ಪಟ್ಟಿ. ಲೀಗ್‌ನಲ್ಲಿ ಒಬ್ಬ ಮೊದಲು, ಜೊತೆಗಾರ ಕೊನೆ ಎಂದರೆ 3–3, ಸಮ. 2021ರ ಮ್ಯಾಂಚೆಸ್ಟರ್ ಕೂಟದಲ್ಲಿ ಅಂಕ 4, 3, 2, 0. ಈಗ ಮೊದಲು ಮತ್ತು ಕೊನೆ ಸೇರಿದರೆ 4, ನಡುವಿನ ಇಬ್ಬರಿಗೆ 5. ಫೈನಲ್‌ನಲ್ಲಿ ಆದದ್ದೂ ಇದೇ: ಬಾರ್ತೊಶ್ ಜ್ಮಾರ್ಜ್ಲಿಕ್ ಮೊದಲಿಗನಾಗಿ ಗೆರೆ ದಾಟಿದ, ಮಾಚೆಯ್ ಯಾನೊವ್ಸ್ಕಿ ಕೊನೆಗುಳಿದ, ನಡುವೆ ಬ್ರಿಟನ್ನಿನ ರಾಬರ್ಟ್ ಲ್ಯಾಂಬರ್ಟ್ ಮತ್ತು ಡ್ಯಾನ್ ಬ್ಯೂಲಿ. ಓಟ ಗೆದ್ದ ದೇಶ ಚಿನ್ನ ಕಳೆದುಕೊಂಡಿತು.

ಮುಂದಿದ್ದವನು ಹಿಂತಿರುಗಿ ಜೊತೆಗಾರನಿಗೆ ನೆರವಾಗಬಾರದಿತ್ತೇ? ಬಾಯಲ್ಲಿ ಹೇಳುವುದು ಸುಲಭ. ಬೈಕಿಗೆ ಕನ್ನಡಿಯಿಲ್ಲ. ವೇಗ ತಗ್ಗಿಸಲು ಥ್ರಾಟಲ್ ಬಿಟ್ಟರೆ ಹಿಂಚಕ್ರ ಮಣ್ಣನ್ನು ಕಚ್ಚಿ ಹಿಡಿದು, ಜಾರುತ್ತಿದ್ದ ಬೈಕ್ ತಟ್ಟನೆ ನೆಟ್ಟಗಾಗುತ್ತದೆ. ತಿರುವಿನಲ್ಲಿ ಹಾಗಾದರೆ ನೇರ ಹೊರಬೇಲಿಗೆ. ಅದಕ್ಕೇ ಜೋಡಿಯ ಕೆಲಸ ಮೊದಲ ತಿರುವಿನಲ್ಲೇ ಆಗಬೇಕು: ಒಳಗಿನವನು ಸ್ವಲ್ಪ ಹೊರಕ್ಕೆ ಸರಿದು ಎದುರಾಳಿಯ ದಾರಿ ಕಟ್ಟಬೇಕು, ಹೊರಗಿನವನು ಆ ಜಾಗದಲ್ಲಿ ನುಗ್ಗಬೇಕು. ಇಬ್ಬರಲ್ಲೊಬ್ಬ ಕ್ಲಚ್ ಬಿಡುವಾಗ ಹಿಂಚಕ್ರ ನಿಂತಲ್ಲೇ ಗಿರಗಿರ ತಿರುಗಿದರೆ ಅವನು ಎದುರಾಳಿಗಳು ಎರಚುವ ಮಣ್ಣಿನ ಹಿಂದೆ ಸಿಕ್ಕಿಬೀಳುತ್ತಾನೆ, ನಾಲ್ಕೇ ಸುತ್ತಿನಲ್ಲಿ ಅಲ್ಲಿಂದ ಹೊರಬರುವುದು ಕಷ್ಟ. ನೀರು ಹಾಕಿದ ಮೇಲೆ ಟ್ರ್ಯಾಕಿನ ಹಿಡಿತ ಬದಲಾಗುತ್ತದೆ. ಹಿಂದಿನ ಸ್ಪ್ರಾಕೆಟ್‌ನಲ್ಲಿ (ಚೈನ್ ಹಾಯುವ ಹಲ್ಲುಚಕ್ರದಲ್ಲಿ) ಒಂದು ಹಲ್ಲು ಹೆಚ್ಚುಕಡಿಮೆಯಾದರೂ ಅದು ಸ್ಟಾರ್ಟ್‌ನಲ್ಲಿ ಗೊತ್ತಾಗುತ್ತದೆ.

2023ರಲ್ಲಿ ಆರು ವರ್ಷಗಳ ನಂತರ ವಿಶ್ವಕಪ್ ಮರಳಿತು, ಫೈನಲ್ ವ್ರೊತ್ಸ್ವಾಫ್‌ನಲ್ಲಿ. ಬ್ರಿಟನ್ ಪರ ಅದೇ ಲ್ಯಾಂಬರ್ಟ್, ಅದೇ ಬ್ಯೂಲಿ. ಆದರೆ ಈ ಸಲ ಪೋಲೆಂಡ್ ನಾಲ್ವರನ್ನೂ ಓಡಿಸಬಹುದಿತ್ತು. ಬ್ರಿಟನ್ ಎರಡನೆಯದಾಯಿತು.