ಕ್ಲಚ್ ಆಯಿಲ್ ಕಡಿಮಿ ಆಗಾಕತ್ತಿದ್ರ ಬರೇ ಟಾಪ್‌ಅಪ್ ಮಾಡಿ ಬಿಡಬ್ಯಾಡ್ರಿ

ವಿಜಯಪುರ ಕಡಿಂದ ದ್ರಾಕ್ಷಿ, ದಾಳಿಂಬ್ರಿ ಹೇರ್ಕೊಂಡು ಪುಣೆ ಮಾರ್ಕೆಟ್ ಯಾರ್ಡಿಗೆ ಬರೋ ಪಿಕಪ್ ಡ್ರೈವರ್‌ಗಳು ಮಾಲ್ ಇಳಿಸಿ ನಮ್ಮ ಗ್ಯಾರೇಜಿಗೆ ಬಂದ್ರ ಹೆಚ್ಚಾಗಿ ಹೇಳೋದು ಒಂದ ಮಾತು, "ಅಣ್ಣಾ, ಗೇರ್ ಬಿಗಿ ಆಗ್ಯಾವು, ರಿವರ್ಸ್ ಹಾಕಿದ್ರ ಕರ್ರ್ ಅಂತೈತಿ, ಕ್ಲಚ್ ಪ್ಲೇಟ್ ಹಾಕಿಬಿಡು". ಪ್ಲೇಟ್ ಆಮ್ಯಾಲ, ಮೊದ್ಲ ಬಾನೆಟ್ ಎತ್ತಿ ಕ್ಲಚ್ ಆಯಿಲ್ ಡಬ್ಬಿ ನೋಡ್ರಿ, ಅದರಾಗ ಇರೋದು ಬ್ರೇಕ್ ಆಯಿಲ್ಲ. ಪೆಡಲ್ ಮೆತ್ತಗ ತಳಕ್ಕ ಹೋಗಾಕತ್ತಿ, ನಾಕೈದು ಸಲ ಪಂಪ್ ಮಾಡಿದ ಮ್ಯಾಲ ಗೇರ್ ಬೀಳ್ತಾವು ಅಂದ್ರ ಬಹಳ ಮಾಡಿ ಪ್ಲೇಟಿನ ತಪ್ಪಲ್ಲ, ಆಯಿಲ್ ಸೋರೇತಿ ಇಲ್ಲಾ ಲೈನಿನೊಳಗ ಗಾಳಿ ಹೊಕ್ಕೈತಿ.

ಎಲ್ಲಿ ಸೋರಾಕತ್ತೈತಿ ಅಂತ ಗೊತ್ತಾಗದ ಪಾನಾ ಹಿಡಿಬ್ಯಾಡ್ರಿ. ಡ್ರೈವರ್ ಕಾಲಾಗಿನ ಮ್ಯಾಟ್ ಎತ್ತಿ ಪೆಡಲಿನ ಪುಶ್‌ರಾಡ್ (ಪೆಡಲ್ ಒತ್ತಿದ್ರ ಒಳಗ ದೂಡೋ ಸಳಿ) ಒಳಗ ಹೋಗೋ ಜಾಗಾಕ್ಕ ಬೆರಳು ಆಡಿಸ್ರಿ, ಹಸಿ ಇದ್ರ ಮಾಸ್ಟರ್ ಸಿಲಿಂಡರ್, ಅಂದ್ರ ಪೆಡಲ್ ಒತ್ತಿದಾಗ ಆಯಿಲ್ ದೂಡೋದು, ಹೋಗೇತಿ. ಅಲ್ಲಿ ಒಣಾ ಇದ್ರ ಗಾಡಿ ಕೆಳಗ ಹೋಗಿ ಗೇರ್‌ಬಾಕ್ಸ್ ಬಾಜೂಕಿರೋ ಸ್ಲೇವ್ ಸಿಲಿಂಡರಿನ (ಆ ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸೋದು) ರಬ್ಬರ್ ಬೂಟ್ ಸರಿಸಿ ನೋಡ್ರಿ, ಬೂಟಿನೊಳಗ ಆಯಿಲ್ ನಿಂತಿದ್ರ ಒಳಗಿನ ಸೀಲ್ ಮುಗಿದೈತಿ. ಕೆಲವು ಗಾಡಿಗೆ ಸ್ಲೇವ್ ಬೆಲ್ ಹೌಸಿಂಗ್ (ಎಂಜಿನ್, ಗೇರ್‌ಬಾಕ್ಸ್ ನಡುವ ಕ್ಲಚ್ ಮುಚ್ಚಿರೋ ಕವಚ) ಒಳಗ ಬೇರಿಂಗ್ ಜೊತಿನ ಕುಂತಿರ್ತೈತಿ, ಅದು ಸೋರಿದ್ರ ಗೇರ್‌ಬಾಕ್ಸ್ ಇಳಿಸೋದ ಬಂತು, ಬ್ಯಾರೆ ದಾರಿ ಇಲ್ಲ, ಪ್ಲೇಟಿಗೂ ಆಯಿಲ್ ಹತ್ತೇತೇನು ಅಂತ ಆವಾಗ ನೋಡಿಬಿಡ್ರಿ. ಬೆಲ್ ಹೌಸಿಂಗ್ ಕೆಳಗ ಹನಿ ಬಿದ್ದೈತಿ ಅಂದ ಕೂಡ್ಲೆ ಕ್ಲಚ್ ಅನಬ್ಯಾಡ್ರಿ, ಗೇರ್ ಆಯಿಲ್ ದಪ್ಪ, ಗಂಧಕದ ವಾಸನಿ ಹೊಡಿತೈತಿ, ಬ್ರೇಕ್ ಆಯಿಲ್ ತೆಳ್ಳಗ, ನೀರು ಹಾಕಿದ್ರ ತೊಳದು ಹೋಗ್ತೈತಿ.

ಈಗ ನನಗ ಭಾಳ ಸಂಕಟ ಆಗೋ ಮಾತು. ಪುಣೆ-ಸಾತಾರಾ ರಸ್ತೆದ ಖಂಬಾಟ್ಕಿ ಘಾಟಿನ್ಯಾಗ ಕ್ಲಚ್ ಕೈಕೊಟ್ರ ಕೈಗೆ ಸಿಕ್ಕಿದ್ದು ಎಂಜಿನ್ ಆಯಿಲ್ ಇರ್ಲಿ, ಸ್ಟೀರಿಂಗ್ ಆಯಿಲ್ ಇರ್ಲಿ ಡಬ್ಬಿಗೆ ಸುರುದು ಬರ್ತಾರ. ಬ್ರೇಕ್ ಆಯಿಲ್ ಗ್ಲೈಕಾಲಿನ್ದು, ಒಳಗಿನ ರಬ್ಬರ್ ಅದಕ್ಕ ಮಾಡಿದ್ದು, ಅದಕ್ಕ ಎಂಜಿನ್ ಆಯಿಲ್ ಹತ್ತಿದ್ರ ನೀರಾಗ ಹಾಕಿದ ಕಡ್ಲಿ ಗತೆ ಉಬ್ಬತೈತಿ, ಮಾಸ್ಟರ್, ಸ್ಲೇವ್, ಹೋಸ್ ಎಲ್ಲಾ ಬದಲಿ ಮಾಡೋ ಪಾಳಿ. ಭಾಳಷ್ಟು ಗಾಡಿಗೆ ಬ್ರೇಕಿಗೂ ಕ್ಲಚ್ಚಿಗೂ ಡಬ್ಬಿ ಒಂದ, ಹಂಗಾಗಿ ಬ್ರೇಕಿನ ಸೀಲೂ ಹೋಗ್ತಾವು, ಲೋಡ್ ಗಾಡಿ, ಘಾಟ್ ಇಳಿಯೋದು, ನೀವ ಯೋಚನಿ ಮಾಡ್ರಿ. ಒಂದ ಡಬ್ಬಿ ಇದ್ರ ಕ್ಲಚ್ಚಿನ ಪೈಪ್ ಮ್ಯಾಲ ಕೊಟ್ಟಿರ್ತಾರ, ಕ್ಲಚ್ ಪೂರ್ತಿ ಸೋರಿದ್ರೂ ಬ್ರೇಕಿಗೆ ಆಯಿಲ್ ಉಳೀಲಿ ಅಂತ. ಡಬ್ಬಿ ಮುಚ್ಚಳದ ಮ್ಯಾಲ ಡಾಟ್ 3 ಅಥವಾ ಡಾಟ್ 4 (ಬ್ರೇಕ್ ಆಯಿಲಿನ ದರ್ಜಾ) ಏನು ಬರದೈತೋ ಅದನ್ನ ಹಾಕ್ರಿ, ಸೀಲ್ ಇರೋ ಹೊಸಾ ಬಾಟ್ಲಿದು. ಈ ಆಯಿಲ್ ಗಾಳ್ಯಾಗಿನ ನೀರು ಹೀರತೈತಿ, ಡಾಟ್ 3 ಹೊಸಾದಿದ್ದಾಗ ಕಡಿಮಿ ಅಂದ್ರೂ 205 ಡಿಗ್ರಿ ತಡಿಬೇಕು, ನೀರು ಕುಡಿದ ಮ್ಯಾಲ 140ಕ್ಕ ಕುದಿಬಹುದು.

ಸೀಲ್ ಕಿಟ್ ಹಾಕೋದಾ, ಹೊಸಾ ಸಿಲಿಂಡರಾ? ಸಿಲಿಂಡರಿನ ಬೋರಿನೊಳಗ (ಒಳಗಿನ ತೂತು) ಉಗುರು ಆಡಿಸಿ, ಎಲ್ಲೆರೆ ತೊಡಕಿದ್ರ ಸಿಲಿಂಡರ್ ಬದಲಿ ಮಾಡ್ರಿ, ಕಿಟ್ ಹಾಕಿದ್ರ ಮತ್ತ ಸೋರತೈತಿ. ಪಾರ್ಟ್ ತೊಳಿಯಾಕ ಡೀಸೆಲ್ ಬ್ಯಾಡ, ಬ್ರೇಕ್ ಆಯಿಲ್ಲೇ ಸಾಕು. ತಾಮ್ರದ ವಾಶರ್ ಹೊಸಾದು ಹಾಕ್ರಿ.

ಗಾಳಿ ತೆಗಿಯೋವಾಗ ಅವಸರ ಮಾಡಬ್ಯಾಡ್ರಿ. ಒಬ್ಬ ಪೆಡಲ್ ಒತ್ತಿ ಹಿಡಿಬೇಕು, ಇನ್ನೊಬ್ಬ ಸ್ಲೇವಿನ ನಿಪ್ಪಲ್ (ಗಾಳಿ ಬಿಡೋ ತಿರುಪು) ಸಡಿಲ ಮಾಡಿ, ಆಯಿಲ್ ಬಂದ ಮ್ಯಾಲ ಬಿಗಿ ಮಾಡಿ, ಆಮ್ಯಾಲ "ಬಿಡು" ಅನಬೇಕು, ನಿಪ್ಪಲ್ ತೆರೆದಿದ್ದಾಗ ಪೆಡಲ್ ಬಿಟ್ರ ಗಾಳಿ ವಾಪಸ್ ಒಳಗ ಹೋಗ್ತೈತಿ. ನಡು ನಡು ಡಬ್ಬಿ ನೋಡ್ತಿರ್ರಿ, ಖಾಲಿ ಆದ್ರ ಮೊದ್ಲಿಂದ ಶುರು. ಪೇಂಟಿನ ಮ್ಯಾಲ ಹನಿ ಬಿದ್ರ ತಕ್ಷಣ ನೀರು ಹಾಕ್ರಿ, ಇಲ್ಲಂದ್ರ ಬಣ್ಣ ಎದ್ದು ಬರ್ತೈತಿ. ಕೆಲಸ ಮುಗದ ಮ್ಯಾಲ ಪುಶ್‌ರಾಡಿಗೆ ಸ್ವಲ್ಪ ಆಟ ಐತೇನು ನೋಡಿ, ಗಾಡಿ ರಾತ್ರಿ ನಿಂದ್ರಿಸಿ, ಮುಂಜಾನಿ ಡಬ್ಬಿ ಲೆವೆಲ್ ಮತ್ತ ಸ್ಲೇವಿನ ಬೂಟ್ ಇನ್ನೊಮ್ಮೆ ನೋಡಿ ಆಮ್ಯಾಲ ಲೋಡ್ ಹಾಕ್ರಿ.