ಐಸೊಕ್ವಾಲ್ ಸದಸ್ಯತ್ವ: ಸೇರಬೇಕೆ, ಸೇರಿ ಏನು ಮಾಡಬೇಕು?

ಪ್ರಶ್ನೆ: ಕ್ಯಾನ್ಸರ್ ರೋಗಿಗಳ ಬದುಕಿನ ಗುಣಮಟ್ಟದ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಐಸೊಕ್ವಾಲ್ ಸದಸ್ಯತ್ವ ತೆಗೆದುಕೊಳ್ಳಿ ಎಂದು ಗೈಡ್ ಹೇಳುತ್ತಿದ್ದಾರೆ. ಸದಸ್ಯೆಯಾದರೆ ಪ್ರಶ್ನಾವಳಿಗಳು ಉಚಿತವಾಗಿ ಸಿಗುತ್ತವೆಯೇ? ಮುಂದೆ ಅಲ್ಲಿ ಪದಾಧಿಕಾರಿಯಾಗಲು ನಮ್ಮಂಥವರಿಗೆ ದಾರಿ ಇದೆಯೇ?

ಉತ್ತರ: ಮೊದಲ ಪ್ರಶ್ನೆಗೆ ಉತ್ತರ ಇಲ್ಲ ಎಂದೇ. ಇಂಟರ್‌ನ್ಯಾಷನಲ್ ಸೊಸೈಟಿ ಫಾರ್ ಕ್ವಾಲಿಟಿ ಆಫ್ ಲೈಫ್ ರಿಸರ್ಚ್, ಅಂದರೆ ಐಸೊಕ್ವಾಲ್, ಸಂಶೋಧಕರ ಸಂಘ. ಪ್ರಶ್ನಾವಳಿಗಳ ಮಾಲೀಕ ಅಲ್ಲ. ಕ್ಯಾನ್ಸರ್ ರೋಗಿಗಳಿಗೆಂದೇ ಇರುವ ಕ್ಯೂಎಲ್‌ಕ್ಯೂ-ಸಿ30 ಪ್ರಶ್ನಾವಳಿ ಬೇಕಿದ್ದರೆ ಯುರೋಪಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇಒಆರ್‌ಟಿಸಿಗೆ, ಯಾವ ಕಾಯಿಲೆಯವರಿಗೂ ಬಳಸುವ ಇಕ್ಯೂ-5ಡಿ ಬೇಕಿದ್ದರೆ ಅದನ್ನು ರೂಪಿಸಿದ ಯುರೋಕ್ವಾಲ್ ಸಂಸ್ಥೆಗೆ, ಅಂಥದ್ದೇ ಇನ್ನೊಂದು ಪ್ರಶ್ನಾವಳಿ ಡಬ್ಲ್ಯುಎಚ್‌ಒಕ್ಯೂಒಎಲ್-ಬ್ರೆಫ್ ಬೇಕಿದ್ದರೆ ವಿಶ್ವ ಆರೋಗ್ಯ ಸಂಸ್ಥೆಗೆ ಬರೆಯಬೇಕು. ಕ್ಯೂಎಲ್‌ಕ್ಯೂ-ಸಿ30 ಕನ್ನಡದಲ್ಲೂ ಇದೆ, ಶೈಕ್ಷಣಿಕ ಸಂಶೋಧನೆಗೆ ಹಣ ಕೊಡಬೇಕಿಲ್ಲ. ಎಥಿಕ್ಸ್ ಕಮಿಟಿಗೆ ಕಡತ ಹೋಗುವ ಮೊದಲೇ ಅನುಮತಿ ಪತ್ರ ಕೈಯಲ್ಲಿರಲಿ. ಇನ್ನೊಬ್ಬರ ಥೀಸಿಸ್‌ನ ಅನುಬಂಧದಿಂದ ಜೆರಾಕ್ಸ್ ಮಾಡಿಕೊಂಡ ಪ್ರತಿಯಿಂದ ದತ್ತಾಂಶ ಕಲೆಹಾಕಿದವರು ಪ್ರಬಂಧ ಪ್ರಕಟಿಸುವ ಹೊತ್ತಿಗೆ ಸಿಕ್ಕಿಬೀಳುತ್ತಾರೆ. ಆ ಪ್ರತಿ ಯಾವ ಆವೃತ್ತಿ ಎಂಬುದೇ ಎಷ್ಟೋ ಸಲ ಗೊತ್ತಿರುವುದಿಲ್ಲ.

ಹಾಗಾದರೆ ಶುಲ್ಕ ಕಟ್ಟಿ ಸಿಗುವುದೇನು? ಸಂಘದ ಮುಖ್ಯ ಪತ್ರಿಕೆ ‘ಕ್ವಾಲಿಟಿ ಆಫ್ ಲೈಫ್ ರಿಸರ್ಚ್’ ಆನ್‌ಲೈನ್‌ನಲ್ಲಿ ಓದಲು ಸಿಗುತ್ತದೆ. ಎರಡನೆಯ ಪತ್ರಿಕೆ, ರೋಗಿಗಳೇ ಹೇಳಿದ ಫಲಿತಾಂಶಗಳ ಕುರಿತದ್ದು, ಹೇಗೂ ಎಲ್ಲರಿಗೂ ಮುಕ್ತ. ವಾರ್ಷಿಕ ಸಮ್ಮೇಳನ ಸಾಮಾನ್ಯವಾಗಿ ಅಕ್ಟೋಬರಿನಲ್ಲಿ. ಸದಸ್ಯರಿಗೆ ನೋಂದಣಿ ಶುಲ್ಕ ಕಡಿಮೆ. ಇಷ್ಟಕ್ಕೇ ಆದರೆ ಸಮ್ಮೇಳನಕ್ಕೆ ಹೋಗುವ ವರ್ಷ ಮಾತ್ರ ಸದಸ್ಯರಾದರೂ ಸಾಕು. ವಿದ್ಯಾರ್ಥಿ ದರ ಬೇರೆ ಇದೆ. ಕಡಿಮೆ ಆದಾಯದ ದೇಶಗಳಿಗೆ ರಿಯಾಯಿತಿ ಅನ್ವಯಿಸುತ್ತದೆಯೇ ಎಂದು ಅರ್ಜಿಯಲ್ಲೇ ನೋಡಿ. ಶುಲ್ಕ ಡಾಲರ್‌ನಲ್ಲಿ. ಕಾರ್ಡಿನಲ್ಲಿ ವಿದೇಶಿ ವ್ಯವಹಾರ ಮೊದಲೇ ಆನ್ ಮಾಡಿಸಿಕೊಳ್ಳಿ, ರಸೀದಿಯ ಪಿಡಿಎಫ್ ಅದೇ ದಿನ ಇಳಿಸಿಕೊಳ್ಳಿ. ಕಾಲೇಜಿನ ಲೆಕ್ಕಪತ್ರ ವಿಭಾಗ ಬ್ಯಾಂಕ್ ಎಸ್‌ಎಂಎಸ್ ನೋಡಿ ಹಣ ವಾಪಸ್ ಕೊಡುವುದಿಲ್ಲ.

ನಿಜವಾದ ಲಾಭ ಇರುವುದು ಆಸಕ್ತಿ ಗುಂಪುಗಳಲ್ಲಿ. ಅಲ್ಲಿ ಅವನ್ನು ‘ಸಿಗ್’ ಎನ್ನುತ್ತಾರೆ. ಅನುವಾದ ಮತ್ತು ಸಾಂಸ್ಕೃತಿಕ ಹೊಂದಾಣಿಕೆ, ಸೈಕೋಮೆಟ್ರಿಕ್ಸ್ (ಪ್ರಶ್ನಾವಳಿ ಸರಿಯಾಗಿ ಅಳೆಯುತ್ತದೆಯೇ ಎಂದು ಪರೀಕ್ಷಿಸುವ ಶಾಸ್ತ್ರ), ಮಕ್ಕಳ ಆರೋಗ್ಯ, ಕ್ಲಿನಿಕ್ಕಿನಲ್ಲಿ ಬಳಕೆ, ಹೊಸ ಸಂಶೋಧಕರು, ಹೀಗೆ ಹಲವು ಇವೆ. ಎಲ್ಲಕ್ಕೂ ಹೆಸರು ಕೊಟ್ಟು ಎಲ್ಲೂ ಕಾಣಿಸಿಕೊಳ್ಳದವರೇ ಹೆಚ್ಚು. ನಿಮ್ಮ ಥೀಸಿಸ್‌ಗೆ ಹತ್ತಿರವಾದ ಒಂದನ್ನು, ಅದರ ಜೊತೆಗೆ ಹೊಸ ಸಂಶೋಧಕರ ಗುಂಪನ್ನು ಆರಿಸಿಕೊಳ್ಳಿ. ಆನ್‌ಲೈನ್ ಸಭೆಗಳು ಅಮೆರಿಕದ ಸಮಯಕ್ಕೆ ಇದ್ದರೆ ನಮಗೆ ರಾತ್ರಿ: ನ್ಯೂಯಾರ್ಕಿನಲ್ಲಿ ಬೆಳಿಗ್ಗೆ 11 ಅಂದರೆ ಬೇಸಿಗೆಯಲ್ಲಿ ಇಲ್ಲಿ 8.30, ಚಳಿಗಾಲದಲ್ಲಿ 9.30. ನವೆಂಬರಿನಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದ ವಾರ ನಮ್ಮವರು ಒಂದು ತಾಸು ಮೊದಲೇ ಬಂದು ಖಾಲಿ ಪರದೆ ನೋಡುತ್ತ ಕೂರುವುದು ಮಾಮೂಲು.

ಗುಂಪಿನಲ್ಲಿ ಏನು ಕೇಳಬೇಕು? ‘ಜೀವನದ ಗುಣಮಟ್ಟ ಅಳೆಯುವುದು ಹೇಗೆ’ ಎಂದರೆ ಯಾರೂ ಉತ್ತರಿಸುವುದಿಲ್ಲ. ಕಾಗದದ ಮೇಲೆ ಕೈ ಇಟ್ಟು ತೋರಿಸುವಂಥ ಪ್ರಶ್ನೆ ಬೇಕು. ಕ್ಯೂಎಲ್‌ಕ್ಯೂ-ಸಿ30ರ ಮೊದಲ ಪ್ರಶ್ನೆ ಭಾರವಾದ ಸಾಮಾನಿನ ಚೀಲವನ್ನೋ ಸೂಟ್‌ಕೇಸನ್ನೋ ಹೊರುವಂಥ ಶ್ರಮದ ಕೆಲಸದ ಬಗ್ಗೆ. ಹಳ್ಳಿಯ ರೋಗಿಗೆ ನೀರಿನ ಕೊಡ ಅಂದರೆ ಚೆನ್ನಾಗಿ ಅರ್ಥವಾಗುತ್ತದೆ, ನಿಜ. ಆದರೆ ನೀವಾಗಿಯೇ ಬದಲಿಸುವಂತಿಲ್ಲ. ಓದಲು ಬಾರದವರಿಗೆ ಓದಿ ಹೇಳಿದಾಗ ಅದನ್ನು ದಾಖಲಿಸುವುದು ಹೇಗೆ, ಬಿಟ್ಟ ಉತ್ತರಗಳನ್ನು ಏನು ಮಾಡುವುದು, ಇವೂ ಕೇಳಲು ಯೋಗ್ಯ. ಅಂಕ ಹಾಕುವಾಗಲೇ ಹೆಚ್ಚು ಮಂದಿ ಎಡವುವುದು. ದಣಿವಿನ ಮೂರು ಪ್ರಶ್ನೆಗಳಿಗೆ 1ರಿಂದ 4ರವರೆಗಿನ ಅಳತೆಯಲ್ಲಿ ಉತ್ತರ 3, 2, 4 ಬಂದಿದೆ ಎನ್ನಿ. ಸರಾಸರಿ 3, ಅದರಿಂದ 1 ಕಳೆದು 3ರಿಂದ ಭಾಗಿಸಿ 100ರಿಂದ ಗುಣಿಸಿದರೆ 66.7. ಇಲ್ಲಿ ಅಂಕ ಏರಿದರೆ ದಣಿವು ಹೆಚ್ಚು ಎಂದರ್ಥ, ಆದರೆ ದೈಹಿಕ ಸಾಮರ್ಥ್ಯದ ಮಾಪಕದಲ್ಲಿ ಅಂಕ ಏರಿದಷ್ಟೂ ಒಳ್ಳೆಯದು. ಎರಡನ್ನೂ ಕೂಡಿಸಿ ‘ಒಟ್ಟು ಅಂಕ’ ಎಂದು ಬರೆದ ಪ್ರಬಂಧ ಪರಿಶೀಲಕರ ಕೈಯಿಂದ ಮೊದಲ ಸುತ್ತಿನಲ್ಲೇ ವಾಪಸಾಗುತ್ತದೆ.

ಇನ್ನು ಪದಾಧಿಕಾರ. ಆಡಳಿತ ಮಂಡಳಿಗೆ ಸದಸ್ಯರ ಮತದಿಂದ ಆಯ್ಕೆ. ಯಾರೂ ನೇರವಾಗಿ ಅಲ್ಲಿಗೆ ಹೋಗುವುದಿಲ್ಲ. ಸಿಗ್‌ನ ಉಪಾಧ್ಯಕ್ಷತೆ, ಸಮ್ಮೇಳನಕ್ಕೆ ಬಂದ ಸಾರಲೇಖಗಳ ಪರಿಶೀಲನೆ, ವೆಬಿನಾರ್ ನಡೆಸುವುದು, ಇವೇ ಮೆಟ್ಟಿಲು. ಮತ ಹಾಕುವವರು ಗುರುತಿಸುವುದು ಕೊಟ್ಟ ದಿನಕ್ಕೆ ಕೆಲಸ ಮುಗಿಸಿದ ಹೆಸರನ್ನು. ಪರಿಶೀಲಕರ ಕೆಲಸಕ್ಕೆ ಜನ ಸದಾ ಕಡಿಮೆ, ಆದ್ದರಿಂದ ಅಲ್ಲಿ ಶುರುಮಾಡುವುದು ಸುಲಭ.

ಗುಂಪು ನಡೆಸುವ ಜವಾಬ್ದಾರಿ ಬಂದರೆ ಕೆಡುವುದು ಬಹುತೇಕ ಒಂದೇ ಜಾಗದಲ್ಲಿ: ಜಂಟಿ ಪ್ರಬಂಧ. ಸಮ್ಮೇಳನದ ಉತ್ಸಾಹದಲ್ಲಿ ಇಪ್ಪತ್ತು ಜನ ಕೈ ಎತ್ತುತ್ತಾರೆ, ಡಿಸೆಂಬರಿನಲ್ಲಿ ಇಮೇಲ್‌ಗೆ ಉತ್ತರಿಸುವವರು ನಾಲ್ಕು ಜನ, ಕರಡು ಮುಗಿದಾಗ ಲೇಖಕರ ಪಟ್ಟಿಗೆ ಮತ್ತೆ ಇಪ್ಪತ್ತು. ಮೊದಲ ಸಭೆಯಲ್ಲೇ ಒಂದು ಪುಟದಲ್ಲಿ ಬರೆದಿಟ್ಟುಬಿಡಿ: ಬರೆಯುವ ತಂಡ ಆರೇಳು ಜನ, ಯಾರ ಪಾಲಿಗೆ ಯಾವ ಭಾಗ, ಯಾವ ದಿನಕ್ಕೆ, ಎರಡು ಗಡುವು ತಪ್ಪಿದರೆ ಹೆಸರು ಕೃತಜ್ಞತೆಗೆ ಹೋಗುತ್ತದೆ. ವೈದ್ಯಕೀಯ ಪತ್ರಿಕಾ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಲೇಖಕರಿಗೆ ನಾಲ್ಕು ಷರತ್ತು ಹಾಕಿದೆ. ಅಂತಿಮ ಪ್ರತಿಗೆ ಒಪ್ಪಿಗೆ, ಹೊಣೆಗಾರಿಕೆ ಎರಡೂ ಅದರಲ್ಲಿವೆ. ಆ ನಾಲ್ಕನ್ನೂ ಪುಟಕ್ಕೆ ಅಂಟಿಸಿ. ಸಭೆಯ ಟಿಪ್ಪಣಿ ಎರಡು ದಿನದೊಳಗೆ ಹೋಗಲಿ, ಆಮೇಲೆ ಯಾರೂ ಓದುವುದಿಲ್ಲ.

ಸದಸ್ಯರಲ್ಲಿ ವಿಶ್ವವಿದ್ಯಾಲಯದವರ ಜೊತೆ ಔಷಧ ಕಂಪನಿಗಳವರೂ ಇರುತ್ತಾರೆ. ಯಾರಿಂದ ಹಣ ಬರುತ್ತದೆ ಎಂಬ ಘೋಷಣೆಯನ್ನು ಕೆಲಸ ಆರಂಭಿಸುವಾಗಲೇ ತೆಗೆದುಕೊಳ್ಳಿ. ರೋಗಿಗಳನ್ನು ತಂಡಕ್ಕೆ ಕರೆದರೆ ವಿಷಯ ಆಯ್ಕೆಯ ಹಂತದಲ್ಲೇ ಕರೆಯಿರಿ. ಮುಗಿದ ಕರಡಿಗೆ ಸಹಿ ಹಾಕಿಸಲು ಕರೆದರೆ ಅವರಿಗೆ ಅದು ಕೂಡಲೇ ತಿಳಿಯುತ್ತದೆ, ಮುಂದಿನ ಸಲ ಬರುವುದಿಲ್ಲ.

ಥೀಸಿಸ್ ಒಪ್ಪಿಸಲು ಆರು ತಿಂಗಳಿಗಿಂತ ಕಡಿಮೆ ಇದ್ದರೆ ಪದಾಧಿಕಾರದ ಯೋಚನೆ ಈಗ ಬೇಡ. ವಿದ್ಯಾರ್ಥಿ ದರದಲ್ಲಿ ಸೇರಿ, ಸಾರಲೇಖ ಕಳಿಸಿ.