ಕಾಲು ಲೀಟರಿನ ಹೊಟ್ಟೆಗೆ ಏನು ತುಂಬುವುದು?

ಎಳೆಯ ಮಗುವಿನ ಜಠರ ಒಂದು ಸಲಕ್ಕೆ ಹಿಡಿಯುವುದು ದೇಹತೂಕದ ಪ್ರತಿ ಕಿಲೋಗೆ ಸುಮಾರು 30 ಗ್ರಾಂ ಆಹಾರವನ್ನು. ವರ್ಷ ತುಂಬುವ ಹೊತ್ತಿಗೆ ಎಂಟೊಂಬತ್ತು ಕಿಲೋ ತೂಗುವ ಮಗುವಿಗೆ ಇದು ಹೆಚ್ಚುಕಡಿಮೆ ಕಾಲು ಲೀಟರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಒಂದರಿಂದ ಎರಡು ವರ್ಷದೊಳಗಿನ ಮಗುವಿಗೆ ಎದೆಹಾಲಿನ ಜೊತೆಗೆ ಬೇರೆ ಆಹಾರದಿಂದ ದಿನಕ್ಕೆ ಸುಮಾರು 550 ಕಿಲೋಕ್ಯಾಲೊರಿ ಸಿಗಬೇಕು. ಡಬ್ಬದ ಪುಡಿ ಒಳ್ಳೆಯದೋ ಮನೆಯಲ್ಲಿ ಬೇಯಿಸಿದ್ದು ಒಳ್ಳೆಯದೋ ಎಂಬ ಚರ್ಚೆ ನಮ್ಮಲ್ಲಿ ಸಾಮಾನ್ಯವಾಗಿ ತಾಯಿಯ ಪ್ರೀತಿ, ಹಿರಿಯರ ಅನುಭವ ಮತ್ತು ಕಂಪನಿಗಳ ದುರಾಸೆಯ ಸುತ್ತಲೇ ಸುತ್ತುತ್ತದೆ. ನನ್ನ ಮಟ್ಟಿಗೆ ಅದು ಈ ಎರಡು ಸಂಖ್ಯೆಗಳಿಂದ ಆರಂಭವಾಗಬೇಕು.

ರಾಗಿ ಗಂಜಿಯನ್ನೇ ತೆಗೆದುಕೊಳ್ಳೋಣ. ಸಾದಾ ರಾಗಿ ಹಿಟ್ಟನ್ನು ನೀರಿನಲ್ಲಿ ಕುದಿಸಿದಾಗ ಪಿಷ್ಟದ ಕಣಗಳು ನೀರು ಹೀರಿ ಉಬ್ಬುತ್ತವೆ, ಒಡೆದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮಗು ನುಂಗುವಷ್ಟು ತೆಳ್ಳಗಿರಬೇಕೆಂದರೆ ನೂರು ಗ್ರಾಂ ಗಂಜಿಗೆ ಏಳೆಂಟು ಗ್ರಾಂ ಹಿಟ್ಟಿಗಿಂತ ಹೆಚ್ಚು ಹಾಕುವಂತಿಲ್ಲ. ಅದರಿಂದ ಸಿಗುವ ಶಕ್ತಿ ಸುಮಾರು 25 ಕಿಲೋಕ್ಯಾಲೊರಿ ಮಾತ್ರ. ದಿನಕ್ಕೆ ನಾಲ್ಕು ಸಲ ಹೊಟ್ಟೆ ಬಿರಿಯುವಷ್ಟು ಕುಡಿಸಿದರೂ 250ರ ಗಡಿ ದಾಟುವುದು ಕಷ್ಟ. ಮಗು ಚೆನ್ನಾಗಿ ಉಣ್ಣುತ್ತದೆ, ಆದರೂ ತೂಕ ಏರುತ್ತಿಲ್ಲ ಎಂದು ಕೊರಗುವ ಮನೆಗಳಲ್ಲಿ ಒಮ್ಮೆ ಗಂಜಿಯ ಬಟ್ಟಲನ್ನು ಓರೆ ಮಾಡಿ ನೋಡಬೇಕು. ಅದು ನೀರಿನಂತೆ ಹರಿದರೆ ಉತ್ತರದ ಬಹುಪಾಲು ಅಲ್ಲೇ ಇರುತ್ತದೆ.

ಹಳೆಯ ಮೈಸೂರು ಕಡೆಯ ಮನೆಗಳಲ್ಲಿ ಮಕ್ಕಳ ಗಂಜಿಗೆಂದು ಸರಿ ಹಿಟ್ಟು ಮಾಡುವ ಕ್ರಮದಲ್ಲಿ ಇದಕ್ಕೊಂದು ಪರಿಹಾರ ಮೊದಲಿನಿಂದಲೂ ಇದೆ. ರಾಗಿಯನ್ನು ತೊಳೆದು, ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ವಸ್ತ್ರಗಾಳಿತ ಮಾಡುತ್ತಾರೆ. ಮೊಳಕೆಯೊಡೆಯುವಾಗ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟಿಕೊಂಡು, ಪಿಷ್ಟದ ಉದ್ದನೆಯ ಸರಪಳಿಗಳನ್ನು ತುಂಡರಿಸುತ್ತದೆ. ತುಂಡಾದ ಪಿಷ್ಟ ನೀರನ್ನು ಹಿಡಿದಿಟ್ಟುಕೊಳ್ಳಲಾರದು. ಆದ್ದರಿಂದ ಅಷ್ಟೇ ನೀರಿಗೆ ಎರಡು ಮೂರು ಪಟ್ಟು ಹಿಟ್ಟು ಹಾಕಿದರೂ ಗಂಜಿ ಚಮಚದಿಂದ ಸಲೀಸಾಗಿ ಇಳಿಯುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ ಅವರು 1980ರ ದಶಕದ ಆರಂಭದಲ್ಲಿ ಮೊಳಕೆ ರಾಗಿ ಮತ್ತು ಹೆಸರುಕಾಳಿನಿಂದ ಶಿಶು ಆಹಾರವೊಂದನ್ನು ರೂಪಿಸಿದ್ದು ಇದೇ ತತ್ತ್ವದ ಮೇಲೆ. ಅಂಗಡಿಯಲ್ಲಿ ಸಿಗುವ, ಬಿಸಿನೀರಿಗೆ ಬೆರೆಸಿದರೆ ಸಾಕೆನ್ನುವ ಪುಡಿಗಳಲ್ಲಿ ಹಲವಕ್ಕೂ ಕಾರ್ಖಾನೆಯಲ್ಲಿ ನಡೆಯುವುದು ಈ ರಸಾಯನಕ್ರಿಯೆಯೇ: ನೀರಿನಲ್ಲಿ ಕಲಸಿದ ಧಾನ್ಯದ ಹಿಟ್ಟಿಗೆ ಅಮೈಲೇಸ್ ಸೇರಿಸಿ, ಬಿಸಿ ಉರುಳೆಗಳ ಮೇಲೆ ತೆಳ್ಳಗೆ ಹರಡಿ ಒಣಗಿಸಿ ಪುಡಿ ಮಾಡಲಾಗುತ್ತದೆ. ಅಜ್ಜಿಯ ಬಟ್ಟೆಗಂಟಿಗೂ ಕಾರ್ಖಾನೆಯ ಉರುಳೆಗೂ ಈ ಒಂದು ವಿಷಯದಲ್ಲಿ ಜಗಳವೇ ಇಲ್ಲ.

ಆದರೆ ಮನೆಯಲ್ಲಿ ಈ ಕಿಣ್ವವನ್ನು ಕಳೆದುಕೊಳ್ಳುವುದು ಬಹಳ ಸುಲಭ. ಪರಿಮಳಕ್ಕೆಂದು ಮೊಳಕೆ ರಾಗಿಯನ್ನು ಕಂದು ಬಣ್ಣ ತಿರುಗುವವರೆಗೆ ಹುರಿದರೆ ಅಮೈಲೇಸ್ ಅಲ್ಲೇ ನಾಶವಾಗುತ್ತದೆ. ಉಳಿಯುವುದು ರುಚಿ ಮಾತ್ರ. ಹದವಾಗಿ ಹುರಿದ ಹಿಟ್ಟನ್ನು ಕುದಿಯುವ ನೀರಿಗೆ ನೇರವಾಗಿ ಸುರಿದರೂ ಅದೇ ಗತಿ. ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ ಸಣ್ಣ ಉರಿಯಲ್ಲಿಟ್ಟಾಗ, 60-70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಪಿಷ್ಟ ಉಬ್ಬಲು ತೊಡಗುತ್ತದೆ, ಕಿಣ್ವವೂ ಇನ್ನೂ ಜೀವಂತವಾಗಿರುತ್ತದೆ. ಕೆಲಸ ನಡೆಯುವುದು ಆ ಕೆಲವು ನಿಮಿಷಗಳಲ್ಲಿ. ಆಮೇಲೆ ಚೆನ್ನಾಗಿ ಕುದಿಸಿದರಾಯಿತು. ವಸ್ತ್ರಗಾಳಿತ ಮಾಡುವುದರಲ್ಲೂ ಲಾಭನಷ್ಟ ಎರಡೂ ಇದೆ. ನೂರು ಗ್ರಾಂ ರಾಗಿಯಲ್ಲಿರುವ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂನ ದೊಡ್ಡ ಪಾಲು ಹೊರಪದರದಲ್ಲಿದೆ, ಖನಿಜಗಳನ್ನು ಹೀರದಂತೆ ತಡೆಯುವ ಫೈಟೇಟ್ ಮತ್ತು ಟ್ಯಾನಿನ್‌ಗಳೂ ಅಲ್ಲೇ ಇವೆ. ಆರು ತಿಂಗಳ ಮಗುವಿಗೆ ಬಟ್ಟೆಯಲ್ಲಿ ಜಾಲಿಸಿದ್ದು ಸರಿ. ಒಂದೂವರೆ ವರ್ಷದ ಮಗುವಿಗೂ ಅದನ್ನೇ ಮುಂದುವರಿಸಲು ಕಾರಣವಿಲ್ಲ.

ಸಕ್ಕರೆಯ ವಿಷಯಕ್ಕೆ ಬಂದರೆ ಡಬ್ಬದ ಪಕ್ಷ ಸೋಲುತ್ತದೆ, ಆದರೆ ಮನೆಯ ಪಕ್ಷ ಗೆದ್ದಂತಲ್ಲ. ಸ್ವಿಟ್ಜರ್‌ಲೆಂಡಿನ ಪಬ್ಲಿಕ್ ಐ ಮತ್ತು ಶಿಶು ಆಹಾರದ ಅಂತರರಾಷ್ಟ್ರೀಯ ಜಾಲವಾದ ಐಬಿಫ್ಯಾನ್ ಸಂಘಟನೆಗಳು 2024ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ವರದಿ, ಭಾರತದಲ್ಲಿ ಪರೀಕ್ಷಿಸಿದ ಸೆರೆಲಾಕ್ ಉತ್ಪನ್ನಗಳಲ್ಲಿ ಒಂದು ಬಡಿಸುವಿಕೆಗೆ ಸರಾಸರಿ 3 ಗ್ರಾಂನಷ್ಟು ಸಕ್ಕರೆ ಸೇರಿಸಿರುವುದನ್ನೂ, ಜರ್ಮನಿ ಮತ್ತು ಬ್ರಿಟನ್ನಿನಲ್ಲಿ ಅದೇ ಬಗೆಯ ಆಹಾರ ಸಕ್ಕರೆಯಿಲ್ಲದೆ ಮಾರಾಟವಾಗುತ್ತಿರುವುದನ್ನೂ ತೋರಿಸಿತು. ಗದ್ದಲವೆದ್ದ ಮೇಲೆ ಸಕ್ಕರೆ ಸೇರಿಸದ ಬಗೆಗಳು ಇಲ್ಲಿನ ಅಂಗಡಿಗಳಿಗೂ ಬಂದವು. ಆದರೆ ರಾಗಿ ಮಣ್ಣಿ ಎಂಬ ಮಕ್ಕಳ ಗಂಜಿಗೆ ಕೈತುಂಬ ಬೆಲ್ಲ ಕರಗಿಸಿ ಹಾಕುವ ಮನೆಗಳನ್ನು ಯಾವ ವರದಿಯೂ ಪರೀಕ್ಷಿಸುವುದಿಲ್ಲ. ಬೆಲ್ಲದಲ್ಲಿ ಒಂದಿಷ್ಟು ಕಬ್ಬಿಣ ಇದೆಯೆಂಬುದು ನಿಜ; ಒಂದು ಚಮಚದಲ್ಲಿ ಅದು ಲೆಕ್ಕಕ್ಕೆ ಬರುವಷ್ಟಿಲ್ಲ, ಸಕ್ಕರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಎರಡು ವರ್ಷದವರೆಗೆ ಸಕ್ಕರೆ ಸೇರಿಸಬೇಡಿ ಎಂಬ ಸಲಹೆ ಬೆಲ್ಲಕ್ಕೂ ಅನ್ವಯಿಸುತ್ತದೆ. ಜೇನುತುಪ್ಪವಂತೂ ವರ್ಷ ತುಂಬುವವರೆಗೆ ನಿಷಿದ್ಧ, ಅದರಲ್ಲಿರಬಹುದಾದ ಬಾಟುಲಿಸಂ ರೋಗಾಣುವಿನ ಬೀಜಕಗಳ ಕಾರಣಕ್ಕೆ. ಇನ್ನು, ನಮ್ಮ ಹಳ್ಳಿ ಪೇಟೆಗಳಲ್ಲಿ ಮಕ್ಕಳ ಸಿದ್ಧ ಆಹಾರ ಎಂದರೆ ಬಹುಮಟ್ಟಿಗೆ ಬಣ್ಣದ ಡಬ್ಬವೂ ಅಲ್ಲ, ಹಾಲಿನಲ್ಲೋ ಚಹಾದಲ್ಲೋ ಅದ್ದಿದ ಗ್ಲೂಕೋಸ್ ಬಿಸ್ಕತ್ತು. ಸಕ್ಕರೆ, ಮೈದಾ, ಮೇಲೆ ಕಬ್ಬಿಣವನ್ನು ಹೀರಲು ಬಿಡದ ಚಹಾ. ಇವು ಮೂರೂ ಸೇರಿದ ಆ ಬಟ್ಟಲಿನ ಮುಂದೆ ಡಬ್ಬದ ಪುಡಿಯೇ ಎಷ್ಟೋ ಮೇಲು.

ಸಿದ್ಧ ಆಹಾರದ ಮೇಲೆ ನನಗಿರುವ ನಿಜವಾದ ತಕರಾರು ಸಕ್ಕರೆಯದಲ್ಲ, ಅದರ ನುಣುಪಿನದು. ಈಗ ನಗರಗಳಲ್ಲಿ ಸಿಗುವ, ಬಾಯಿಗಿಟ್ಟು ಹಿಂಡುವ ಹಣ್ಣಿನ ಪೊಟ್ಟಣಗಳಲ್ಲಿ ಅಗಿಯುವುದಕ್ಕೆ ಏನೂ ಇರುವುದಿಲ್ಲ. ಅಗಿಯುವುದು ಹುಟ್ಟಿನಿಂದ ಬಂದ ವಿದ್ಯೆಯಲ್ಲ. ನಾಲಿಗೆ ತುತ್ತನ್ನು ಬದಿಗೆ ಸರಿಸುವುದು, ವಸಡು ಅದನ್ನು ಜಜ್ಜುವುದು ಎಲ್ಲವೂ ಅಭ್ಯಾಸದಿಂದ ಕೂಡಿಬರುತ್ತವೆ. ಇಂಗ್ಲೆಂಡಿನಲ್ಲಿ ಸಾವಿರಾರು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಒಂಬತ್ತು ತಿಂಗಳು ಕಳೆದ ಮೇಲಷ್ಟೇ ಗಟ್ಟಿ ಚೂರುಗಳಿರುವ ಆಹಾರ ಕಂಡ ಮಕ್ಕಳು ಏಳನೆಯ ವಯಸ್ಸಿನಲ್ಲೂ ಹಣ್ಣು ತರಕಾರಿಗಳನ್ನು ಕಡಿಮೆ ತಿನ್ನುತ್ತಿದ್ದರು, ಊಟದ ವಿಷಯದಲ್ಲಿ ಹೆಚ್ಚು ತಕರಾರು ತೆಗೆಯುತ್ತಿದ್ದರು. ಇದರಲ್ಲಿ ಕಾರಣ ಯಾವುದು, ಪರಿಣಾಮ ಯಾವುದು ಎಂದು ಪೂರ್ತಿ ಬಿಡಿಸಿ ಹೇಳುವುದು ಕಷ್ಟವೇ. ಆದರೂ ಮನೆಯಲ್ಲೂ ಎರಡು ವರ್ಷದವರೆಗೆ ಎಲ್ಲವನ್ನೂ ಮಿಕ್ಸಿಗೆ ಹಾಕಿ ಕೊಡುವ ತಾಯಂದಿರು ಇದನ್ನು ಗಮನಿಸಬೇಕು. ಬೆರಳಿನಿಂದ ಹಿಸುಕಿದ ಅನ್ನ, ಬೆಂದ ಕುಂಬಳಕಾಯಿಯ ಹೋಳು, ತುಪ್ಪ ಸವರಿದ ಮೆತ್ತನೆಯ ಇಡ್ಲಿಯ ತುಂಡು ಕಲಿಸುವುದನ್ನು ಯಾವ ನುಣುಪು ಗಂಜಿಯೂ ಕಲಿಸದು.

ರುಚಿಯ ಕಲಿಕೆಯೂ ಹೀಗೆಯೇ. ಹೊಸ ತರಕಾರಿಯೊಂದನ್ನು ಮಗು ಒಪ್ಪಿಕೊಳ್ಳಲು ಎಂಟು ಹತ್ತು ಸಲವಾದರೂ ಅದನ್ನು ಬಾಯಿಗೆ ಮುಟ್ಟಿಸಬೇಕಾಗುತ್ತದೆ. ಡಬ್ಬದ ರುಚಿ ಜನವರಿಯಲ್ಲೂ ಜುಲೈಯಲ್ಲೂ ಒಂದೇ. ಮನೆಯ ಸಾರು ಸೋಮವಾರ ಇದ್ದಂತೆ ಮಂಗಳವಾರ ಇರುವುದಿಲ್ಲ, ಬಸ್ಸಾರಿನ ಸೊಪ್ಪು ಪ್ರತಿ ಸಂತೆಗೂ ಬದಲಾಗುತ್ತದೆ. ಅಡುಗೆಯ ಈ ಏರುಪೇರೇ ಮಗುವಿಗೆ ಪಾಠವಾಗುತ್ತದೆ. ಉಪ್ಪು ಖಾರ ಬೀಳುವ ಮೊದಲೇ ಬೇಳೆ ಸೊಪ್ಪನ್ನು ಒಂದು ಬಟ್ಟಲಿಗೆ ತೆಗೆದಿಟ್ಟರೆ ಮಗುವಿಗೆಂದು ಬೇರೆ ಅಡುಗೆಯೇ ಬೇಕಿಲ್ಲ.

ಕಾರ್ಖಾನೆ ನಿಸ್ಸಂದೇಹವಾಗಿ ಮುಂದಿರುವುದು ಎರಡು ಕಡೆ. ಮೊದಲನೆಯದು ಶುಚಿ. ಬೆಳಿಗ್ಗೆ ಬೇಯಿಸಿ ಮಧ್ಯಾಹ್ನದವರೆಗೆ ಕಟ್ಟೆಯ ಮೇಲಿಟ್ಟ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ವಿಷ ಉಂಟುಮಾಡಬಹುದು, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಮುಗ್ಗಿದ ಕಡಲೆಬೀಜವನ್ನು ಸರಿ ಹಿಟ್ಟಿಗೆ ಸೇರಿಸಿದರೆ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಜೊತೆಗೇ ಬರುತ್ತದೆ. ಎರಡನೆಯದು ಕಬ್ಬಿಣ, ಇದು ಇನ್ನೂ ದೊಡ್ಡ ವಿಷಯ. ಹುಟ್ಟುವಾಗ ಕೂಡಿಟ್ಟುಕೊಂಡು ಬಂದ ಕಬ್ಬಿಣ ಆರು ತಿಂಗಳ ಹೊತ್ತಿಗೆ ಮುಗಿಯುತ್ತದೆ, ಎದೆಹಾಲಿನಲ್ಲಿ ಅದು ಬಹಳ ಕಡಿಮೆ. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 8 ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳಿದರೆ, 20 ಗ್ರಾಂ ರಾಗಿ ಹಿಟ್ಟಿನಲ್ಲಿರುವುದು 1 ಮಿಲಿಗ್ರಾಂಗಿಂತ ಕಡಿಮೆ, ಅದರಲ್ಲೂ ದೇಹಕ್ಕೆ ದಕ್ಕುವುದು ಅಲ್ಪ. ಬಲವರ್ಧಿತ ಪುಡಿಗಳಲ್ಲಿ ಈ ಕೊರತೆಯನ್ನು ಲೆಕ್ಕ ಹಾಕಿಯೇ ತುಂಬಿರುತ್ತಾರೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತು, ಅದರ ಹಿಂದಿನ ಸಮೀಕ್ಷೆಗಿಂತ ಹೆಚ್ಚು. ಇವರಲ್ಲಿ ಬಹುಪಾಲು ಮಕ್ಕಳು ಮನೆಯೂಟವನ್ನೇ ಉಂಡು ಬೆಳೆಯುತ್ತಿರುವವರು.

ಹಾಗೆಂದು ಮನೆಯ ಬಟ್ಟಲಿನಲ್ಲಿ ಈ ಅಂತರವನ್ನು ಮುಚ್ಚಲಾಗದೆಂದಲ್ಲ. ಮಾಂಸ ತಿನ್ನುವ ಮನೆಗಳಲ್ಲಿ ಬೆಂದ ಈಲಿಯ (ಯಕೃತ್ತಿನ) ಸಣ್ಣ ತುಂಡು, ನುಣ್ಣಗೆ ಬಿಡಿಸಿದ ಕೋಳಿಮಾಂಸ ಎಲ್ಲಕ್ಕಿಂತ ಸುಲಭದ ದಾರಿ. ತಿನ್ನದ ಮನೆಗಳಲ್ಲಿ ಮೊಳಕೆ ಕಾಳಿನ ಕಟ್ಟಿಗೋ ಸೊಪ್ಪು ಬೇಳೆಗೋ ಕೊನೆಯಲ್ಲಿ ನಾಲ್ಕು ಹನಿ ನಿಂಬೆರಸ ಹಿಂಡಿದರೆ, ಸಸ್ಯಮೂಲದ ಕಬ್ಬಿಣವನ್ನು ಕರುಳು ಹೆಚ್ಚು ಹೀರಿಕೊಳ್ಳುತ್ತದೆ. ಒಂದು ಚಮಚ ತುಪ್ಪ ಬಿದ್ದರೆ ಗಾತ್ರ ಹೆಚ್ಚದೆ 40 ಕಿಲೋಕ್ಯಾಲೊರಿ ಕೂಡುತ್ತದೆ. ಇಷ್ಟಾದರೂ ಉಳಿಯುವ ಕೊರತೆಗೆಂದೇ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಿಗೆ ವಾರಕ್ಕೆ ಎರಡು ಸಲ, ಒಂದು ಮಿಲಿಲೀಟರಿನಲ್ಲಿ 20 ಮಿಲಿಗ್ರಾಂ ಕಬ್ಬಿಣವಿರುವ ಸಿರಪ್ಪನ್ನು ಕೊಡುವ ವ್ಯವಸ್ಥೆ ಇದೆ. ಆಶಾ ಕಾರ್ಯಕರ್ತೆಯರು ತಂದುಕೊಡುವ ಆ ಬಾಟಲಿಯನ್ನು, ಮಗುವಿನ ಮಲ ಕಪ್ಪಾಯಿತೆಂದು ಹೆದರಿ ಅರ್ಧಕ್ಕೇ ನಿಲ್ಲಿಸುವವರಿದ್ದಾರೆ. ಹೀರಿಕೊಳ್ಳದೆ ಉಳಿದ ಕಬ್ಬಿಣ ಹೊರಹೋಗುವಾಗ ಮಲಕ್ಕೆ ಆ ಬಣ್ಣ ಬರುವುದು ಸಹಜ, ಅದಕ್ಕಾಗಿ ಸಿರಪ್ಪು ನಿಲ್ಲಿಸಬೇಕಿಲ್ಲ.